ಅಗೆಮಡಿ, ಗದ್ದೆ ಮತ್ತು ಹನ್ನೆರಡು ರಾತ್ರಿಯ ಲೆಕ್ಕ

ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಸಾಗರ, ಸೊರಬದ ಕಡೆ ಗದ್ದೆಗಳಿಗೆ ಸೊಪ್ಪು ಬೇಯಿಸಿ ಮಾಡಿದ ಎಡೆ, ಹಚ್ಚಂಬಲಿ ಬೀರುತ್ತಾರೆ. ಹೊಡೆ ತುಂಬಿದ ಭತ್ತ ಬಸುರಿ, ಬಸುರಿಗೆ ಬಯಕೆಯೂಟ. ಚಿತ್ತಾರದ ಭೂಮಣ್ಣಿ ಬುಟ್ಟಿ ಹೊತ್ತು ಹೋಗುವವರು ಆಯುರ್ವೇದದ ಹಳೆಯ ಗ್ರಂಥವಾದ ಸುಶ್ರುತ ಸಂಹಿತೆ ಓದಿರಬೇಕಿಲ್ಲ. ಅಲ್ಲಿನ ಶಾರೀರಸ್ಥಾನ, ಅಂದರೆ ದೇಹದ ಕುರಿತ ಭಾಗ, ಇದೇ ಮಾತನ್ನು ತಿರುವಿ ಹೇಳುತ್ತದೆ: ಋತು, ಕ್ಷೇತ್ರ, ಅಂಬು, ಬೀಜ ಕೂಡಿದರೆ ಮೊಳಕೆಯಂತೆ ಗರ್ಭ ಮೂಡುತ್ತದೆ. ಹದ, ಗದ್ದೆ, ನೀರು, ಬಿತ್ತ. ಮಲೆನಾಡಿನ ರೈತನಿಗೆ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಋತು. ಮುಟ್ಟು ಕಂಡಲ್ಲಿಂದ 12 ರಾತ್ರಿ ಋತುಕಾಲ, ಅಂದರೆ ಗರ್ಭ ಕಟ್ಟುವ ಹೊತ್ತು, ಅದು ಕಳೆದರೆ ಸಂಜೆಯ ತಾವರೆಯಂತೆ ಯೋನಿ ಮುಚ್ಚಿಕೊಳ್ಳುತ್ತದೆ ಎನ್ನುತ್ತದೆ ಸಂಹಿತೆ. ಮುಚ್ಚುವುದು ನಿಜವೇ. ಅಂಡಾಣು ಹೊರಬೀಳುವ ಮುನ್ನ ಈಸ್ಟ್ರೋಜನ್ ಏರಿ, ಗರ್ಭಕೋಶದ ಕೊರಳಿನ ಲೋಳೆ ಮೊಟ್ಟೆಯ ಬಿಳಿಯಂತೆ ತೆಳುವಾಗಿ ವೀರ್ಯಾಣುಗಳಿಗೆ ದಾರಿ ಬಿಡುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಅದನ್ನು ಗಟ್ಟಿ ಮಾಡಿ ಬಾಗಿಲು ಹಾಕುತ್ತದೆ. ತಪ್ಪಿದ್ದು ದಿನದ ಲೆಕ್ಕ. 28 ದಿನಗಳ ಚಕ್ರದಲ್ಲಿ ಅಂಡಾಣು ಹೊರಬೀಳುವುದು ಸುಮಾರು 14ನೇ ದಿನ. ಆದರೆ ವೀರ್ಯಾಣು 5 ದಿನಗಳವರೆಗೂ ಒಳಗೆ ಬದುಕಿರಬಲ್ಲದು. ಋತುಕಾಲದ ಕೊನೆಯ ರಾತ್ರಿಗಳು ಫಲಿಸುತ್ತಿದ್ದುದರಿಂದಲೇ ಆ ಎಣಿಕೆ ಬಾಳಿತು ಎಂಬುದು ನನ್ನ ಊಹೆ. ಸಮರಾತ್ರಿಗೆ ಗಂಡು, ಬೆಸರಾತ್ರಿಗೆ ಹೆಣ್ಣು ಎಂಬ ಮಾತಿಗೆ ಮಾತ್ರ ಅಂಥ ಆಸರೆಯೂ ಇಲ್ಲ. ಅದನ್ನು ತೀರ್ಮಾನಿಸುವುದು ವೀರ್ಯಾಣು ತರುವ ಎಕ್ಸ್ ಅಥವಾ ವೈ ವರ್ಣತಂತು.

ಬೀಜದ ವಿಷಯ ಇನ್ನೂ ತೊಡಕು. ಸಂಹಿತೆಗಳಲ್ಲಿ ಆರ್ತವವೆಂದರೆ ಮುಟ್ಟಿನ ರಕ್ತವೂ ಹೌದು, ಗರ್ಭಕ್ಕೆ ತಾಯಿ ಕೊಡುವ ಪಾಲೂ ಹೌದು. ಕಣ್ಣಿಗೆ ಬೀಳುತ್ತಿದ್ದುದು ರಕ್ತ ಮಾತ್ರ. ಅಂಡಾಣುವಿನ ಗಾತ್ರವೋ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು. 1827ರಲ್ಲಿ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ನಾಯಿಯ ಅಂಡಾಶಯದಲ್ಲಿ ಅದನ್ನು ಗುರುತಿಸುವವರೆಗೆ ಸಸ್ತನಿಗಳ ಅಂಡಾಣುವನ್ನು ಯುರೋಪೂ ಕಂಡಿರಲಿಲ್ಲ. ಮುಟ್ಟಿನಲ್ಲಿ ಹೋಗುವುದು ಗರ್ಭ ಕಟ್ಟದ ತಿಂಗಳು ಕಳಚಿಬೀಳುವ ಗರ್ಭಕೋಶದ ಒಳಪದರ. ಬೀಜವೆಂದು ಎಣಿಸಿದ್ದು, ಹದ ಮಾಡಿಟ್ಟ ಗದ್ದೆಯ ಮೇಲ್ಮಣ್ಣು!

ಆದರೂ ಗದ್ದೆಯ ಹೋಲಿಕೆಯನ್ನು ಬಿಡಲು ನನಗೆ ಮನಸ್ಸಿಲ್ಲ, ಬಿತ್ತನೆಯ ಬದಲು ನಾಟಿ ಎಂದರೆ ಸಾಕು. ಅಂಡಾಣು ಫಲಿತವಾಗುವುದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಅದು ಅಲ್ಲಿಯೇ ಒಡೆದೊಡೆದು ಬೆಳೆಯುತ್ತಾ ಇಳಿದು, ಸುಮಾರು 6 ದಿನಗಳ ಮೇಲೆ ಗರ್ಭಕೋಶದ ಒಳಪದರದಲ್ಲಿ ಬೇರೂರತೊಡಗುತ್ತದೆ. ಅಗೆಮಡಿಯಲ್ಲಿ ಮೊಳೆತ ಸಸಿಯನ್ನು ಕಿತ್ತು ಹದವಾದ ಗದ್ದೆಗೆ ನೆಡುವುದು ಇಲ್ಲಿ ಪ್ರತಿ ಮಳೆಗಾಲದ ಕೆಲಸ.