ಅಪಲಾಚಿಕೋಲಾ: ಇಕ್ಕಳ ಹಿಡಿದವರ ಕೊಲ್ಲಿ ಬರಿದಾದದ್ದು ಹೇಗೆ?

ಹತ್ತು ಹನ್ನೆರಡು ಅಡಿ ಉದ್ದದ ಎರಡು ಮರದ ಕೋಲು, ಕತ್ತರಿಯ ಹಾಗೆ ಜೋಡಿಸಿದ್ದು. ತುದಿಯಲ್ಲಿ ಎದುರುಬದುರಾಗಿ ಕಬ್ಬಿಣದ ಹಲ್ಲುಗಳು. ದೋಣಿಯ ಅಂಚಿನ ಮೇಲೆ ನಿಂತು ಈ ಇಕ್ಕಳವನ್ನು ನೀರಿಗಿಳಿಸಿ, ತಳ ಕೆದಕಿ, ಸಿಂಪಿ ಸಿಕ್ಕಿದ್ದು ಕೈಗೆ ಗೊತ್ತಾದಾಗ ಮೇಲೆತ್ತಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ದೋಣಿಯಲ್ಲಿರುವ ಇನ್ನೊಬ್ಬರು, ಎಷ್ಟೋ ಸಲ ಹೆಂಡತಿಯೇ, ಅಂಟಿಕೊಂಡ ಸಿಂಪಿಗಳನ್ನು ಬಿಡಿಸಿ, ಮೂರು ಇಂಚಿಗಿಂತ ಚಿಕ್ಕದನ್ನೆಲ್ಲ ವಾಪಸ್ ನೀರಿಗೆ ಹಾಕುತ್ತಾರೆ.

ಅಮೆರಿಕದ ಫ್ಲೋರಿಡಾ ರಾಜ್ಯದ ಅಪಲಾಚಿಕೋಲಾ ಕೊಲ್ಲಿಯಲ್ಲಿ ತಲೆಮಾರುಗಳಿಂದ ನಡೆದು ಬಂದ ಕೆಲಸ ಇದು. ನಮ್ಮ ಉತ್ತರ ಕನ್ನಡದ ಕಡೆ ಕಲ್ವ ತಿಂದವರಿಗೆ ಸಿಂಪಿಯ ರುಚಿ ಗೊತ್ತಿರುತ್ತದೆ, ಅಲ್ವಾ? ಒಂದು ಕಾಲಕ್ಕೆ ಫ್ಲೋರಿಡಾದ ಶೇ. 90ರಷ್ಟು ಸಿಂಪಿ ಬರುತ್ತಿದ್ದದ್ದು ಈ ಒಂದೇ ಕೊಲ್ಲಿಯಿಂದ. ಇಡೀ ಅಮೆರಿಕದ ಲೆಕ್ಕದಲ್ಲಿ ಶೇ. 10. ತಳವನ್ನೇ ಬಾಚುವ ಯಂತ್ರದ ಬಲೆಗಳಿಗೆ ಇಲ್ಲಿ ಜಾಗವಿರಲಿಲ್ಲ. ಕೈಯಿಂದ ಎಷ್ಟಾಗುತ್ತದೋ ಅಷ್ಟೇ.

ಹಾಗಿದ್ದೂ 2012ರಲ್ಲಿ ಸಿಂಪಿ ಕುಸಿದುಬಿತ್ತು.

ಸಿಂಪಿಗೆ ಪೂರ್ತಿ ಉಪ್ಪು ನೀರೂ ಆಗದು, ಪೂರ್ತಿ ಸಿಹಿ ನೀರೂ ಆಗದು. ನದಿ ಕಡಿಮೆಯಾದರೆ ಕೊಲ್ಲಿ ಉಪ್ಪಾಗುತ್ತದೆ, ಆಗ ಸಿಂಪಿಯನ್ನು ಕೊರೆದು ತಿನ್ನುವ ಸಮುದ್ರದ ಬಸವನಹುಳುಗಳು ಒಳಗೆ ಬರುತ್ತವೆ, ರೋಗವೂ ಜಾಸ್ತಿಯಾಗುತ್ತದೆ. ಇಲ್ಲಿಗೆ ಬರುವ ನದಿಯ ನೀರು ಜಾರ್ಜಿಯಾ ರಾಜ್ಯದ ಚಾಟಹೂಚಿ ಮತ್ತು ಫ್ಲಿಂಟ್ ನದಿಗಳದ್ದು. ಚಾಟಹೂಚಿಯ ನೀರನ್ನು ಅಟ್ಲಾಂಟಾ ನಗರ ಕುಡಿಯುತ್ತದೆ. ಫ್ಲಿಂಟ್ ಕಡೆಯ ರೈತರು ಹತ್ತಿಗೆ, ಕಡಲೆಕಾಯಿಗೆ ನೀರೆತ್ತುತ್ತಾರೆ. ಬರ ಬಂದಾಗ ಕೆಳಗಿನವರಿಗೆ ಎಷ್ಟು ಉಳಿಯಬೇಕು? ಕಾವೇರಿ ಜಗಳ ನೋಡಿಕೊಂಡೇ ಬೆಳೆದ ನಮಗೆ ಈ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

2013ರಲ್ಲಿ ಫ್ಲೋರಿಡಾ, ಜಾರ್ಜಿಯಾದ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲ್ 1ರಂದು ಸೋತಿತು, ಒಂಬತ್ತೂ ನ್ಯಾಯಮೂರ್ತಿಗಳದ್ದು ಒಂದೇ ಮಾತು. ಜಾರ್ಜಿಯಾ ನೀರು ಬಳಸಿದ್ದರಿಂದಲೇ ಸಿಂಪಿ ಸತ್ತಿತು ಅಂತ ಸಾಬೀತಾಗಿಲ್ಲ ಎಂದರು. ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಬಾವಿ ಸ್ಫೋಟವಾದಾಗ, ಎಣ್ಣೆ ಇಲ್ಲಿಗೂ ಬಂದು ಎಲ್ಲ ಹಾಳಾಗುತ್ತದೆ ಅನ್ನುವ ಭಯಕ್ಕೆ ಫ್ಲೋರಿಡಾವೇ ಹಿಡಿಯುವ ನಿಯಮಗಳನ್ನು ಸಡಿಲಿಸಿತ್ತು. ಎಣ್ಣೆ ಬರಲೇ ಇಲ್ಲ. ಸಿಂಪಿ ಮಾತ್ರ 2011 ಮತ್ತು 2012ರಲ್ಲಿ ಹಿಂದೆಂದಿಗಿಂತ ಹೆಚ್ಚಾಗಿ ಹಿಡಿದರು. ಜೊತೆಗೆ, ತೆಗೆದ ಚಿಪ್ಪುಗಳನ್ನು ವಾಪಸ್ ತಳಕ್ಕೆ ಸುರಿಯುವ ಕೆಲಸವೂ ಆ ಹೊತ್ತಿಗೆ ತೀರಾ ಕಡಿಮೆಯಾಗಿತ್ತು. ಸಿಂಪಿಯ ಮರಿಗೆ ಅಂಟಿಕೊಂಡು ಬೆಳೆಯಲು ಗಟ್ಟಿ ನೆಲೆ ಬೇಕು. ಹಳೆಯ ಚಿಪ್ಪೇ ಅದರ ಮನೆ.

ನನ್ನ ಮಟ್ಟಿಗೆ ಇಕ್ಕಳದವರನ್ನು ದೂರುವುದು ಅನ್ಯಾಯ. ಹಿಡಿಯಿರಿ ಅಂದದ್ದು ಸರ್ಕಾರ, ಹಿಡಿದರು. ನದಿ ಸೊರಗಿದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಬಂದವು.

2020ರ ಡಿಸೆಂಬರಿನಲ್ಲಿ ಕೊಲ್ಲಿಯಲ್ಲಿ ಸಿಂಪಿ ಹಿಡಿಯುವುದನ್ನೇ ಐದು ವರ್ಷದವರೆಗೆ ನಿಲ್ಲಿಸಿದರು. ಈಸ್ಟ್‌ಪಾಯಿಂಟ್‌ನಂಥ ಊರಿನಲ್ಲಿ ಅಪ್ಪನಿಂದ ಮಗ ಕಲಿಯುತ್ತಿದ್ದ ಕೆಲಸ ನಿಂತಿತು. ಇಕ್ಕಳ ಇಳಿಯುತ್ತಿದ್ದ ತಳಕ್ಕೆ ಆಮೇಲೆ ಸುಣ್ಣದಕಲ್ಲು ಸುರಿದರು, ಮರಿಗಳು ಅಂಟಿಕೊಳ್ಳಲಿ ಅಂತ.