ಮಠದ ಅಡುಗೆಮನೆಯ ‘ದೈಕೊಕು’

ಜಪಾನಿನ ಬೌದ್ಧ ಮಠಗಳ ಅಡುಗೆಮನೆಯಲ್ಲಿ ಒಬ್ಬ ದೇವರನ್ನು ಇಡುತ್ತಿದ್ದರು. ಅಕ್ಕಿ ಮೂಟೆಗಳ ಮೇಲೆ ನಿಂತಿರುತ್ತಾನೆ. ಹೆಗಲ ಮೇಲೆ ಚೀಲ, ಕೈಯಲ್ಲಿ ಕೊಡತಿ, ಮುಖದ ತುಂಬ ನಗು. ಹೆಸರು ದೈಕೊಕು. ನಮ್ಮ ಮಹಾಕಾಳನೇ ಅಲ್ಲಿಗೆ ಹೋಗಿ ಹೀಗೆ ದುಂಡಗಾಗಿದ್ದಾನೆ. ಇದೇ ಹೆಸರನ್ನು ಜನ ಇನ್ನೊಬ್ಬರಿಗೂ ಇಟ್ಟಿದ್ದರು: ಭಿಕ್ಷು ಗುಟ್ಟಾಗಿ ಇಟ್ಟುಕೊಂಡ ಹೆಂಡತಿಗೆ. ಅವಳೂ ಅಡುಗೆಮನೆ ದಾಟುವಂತಿರಲಿಲ್ಲವಲ್ಲ!

ಬೈಲುಕುಪ್ಪೆಯ ಭಿಕ್ಷುಗಳನ್ನು ನೋಡಿದ ನಮಗೆ ಇದು ವಿಚಿತ್ರ ಅನಿಸಬಹುದು. ಇವತ್ತು ಜಪಾನಿನಲ್ಲಿ ಭಿಕ್ಷುವಿಗೆ ಹೆಂಡತಿ ಮಕ್ಕಳಿರುವುದು ಮಾಮೂಲು. ಮಠ ತಂದೆಯಿಂದ ಮಗನಿಗೆ ಹೋಗುತ್ತದೆ. ‘ಅವರ ಬೌದ್ಧಧರ್ಮವೇ ಹಾಗೆ’ ಎಂದು ಸುಮ್ನೆ ಹೇಳಿಬಿಡುತ್ತಾರೆ. ಅಷ್ಟು ಸಲೀಸಲ್ಲ.

ಹೆಣ್ಣಿನ ಸಂಗ ಮಾಡಿದ ಭಿಕ್ಷು ಸಂಘದಿಂದ ಹೊರಗೆ. ಈ ಹಳೇ ನಿಯಮ ಚೀನಾ, ಕೊರಿಯಾ ದಾಟಿ 6ನೇ ಶತಮಾನದಲ್ಲಿ ಜಪಾನಿಗೂ ಬಂತು. ಮುರಿಯುವವರು ಗುಟ್ಟಾಗಿ ಮುರಿಯುತ್ತಿದ್ದರು. ಬಹಿರಂಗವಾಗಿ ಸಂಸಾರ ಮಾಡಿದವನು ಶಿನ್‌ರಾನ್ ಎಂಬ ಭಿಕ್ಷು. 1207ರಲ್ಲಿ ಗಡಿಪಾರಾದ ಮೇಲೆ, ತಾನು ಭಿಕ್ಷುವೂ ಅಲ್ಲ, ಗೃಹಸ್ಥನೂ ಅಲ್ಲ ಎಂದ. ಹೆಂಡತಿ ಎಶಿನ್ನಿ ಮಗಳಿಗೆ ಬರೆದ ಕಾಗದಗಳು 1921ರಲ್ಲಿ ಕ್ಯೋಟೋದ ಮಠವೊಂದರಲ್ಲಿ ಸಿಕ್ಕವು. ಗಂಡನ ನೆನಪಿನ ಜೊತೆಗೆ ಬರಗಾಲ, ಆಳುಕಾಳು, ಬಟ್ಟೆಬರೆ ಎಲ್ಲ ಅದರಲ್ಲಿದೆ. ಅವನ ಪಂಥದವರು ಅಂದಿನಿಂದಲೂ ಮದುವೆಯಾಗುತ್ತಲೇ ಬಂದರು.

ಉಳಿದ ಪಂಥಗಳ ಭಿಕ್ಷುಗಳಿಗೆ, 17ನೇ ಶತಮಾನದಿಂದ ಜಪಾನನ್ನು ಆಳಿದ ತೊಕುಗಾವಾ ಮನೆತನದ ಕಾಲದಲ್ಲಿ ಸರ್ಕಾರದ್ದೇ ಶಿಕ್ಷೆ. ಮಠವಿದ್ದ ಭಿಕ್ಷು ಸಿಕ್ಕಿಬಿದ್ದರೆ ದೂರದ ದ್ವೀಪಕ್ಕೆ. ಕಲಿಯುತ್ತಿದ್ದವನನ್ನು ಎಡೋದ (ಇಂದಿನ ಟೋಕಿಯೊ) ನಿಹೊಂಬಾಶಿ ಸೇತುವೆ ಹತ್ತಿರ ಮೂರು ದಿನ ಕೂರಿಸುತ್ತಿದ್ದರು. ಹೋಗಿಬರುವವರೆಲ್ಲ ನೋಡಬೇಕು.

ಆಮೇಲೆ ಅವರನ್ನು ಇಳಿಸಿ, ಚಕ್ರವರ್ತಿಯ ಹೆಸರಿನಲ್ಲಿ ಮೇಜಿ ಸರ್ಕಾರ ಬಂತು. 1868ರಲ್ಲಿ ಜಪಾನಿನ ಸ್ವಂತ ಧರ್ಮವಾದ ಶಿಂಟೋದ ದೇವರನ್ನೂ ಬುದ್ಧನನ್ನೂ ಬೇರೆ ಮಾಡಿತು. ಎಷ್ಟೋ ಕಡೆ ಬುದ್ಧನ ವಿಗ್ರಹಗಳು ಪುಡಿಯಾದವು. ಭಿಕ್ಷುಗಳೂ ಎಲ್ಲರಂತೆ ಪ್ರಜೆಗಳಾಗಬೇಕಿತ್ತು, ಮನೆತನದ ಹೆಸರಿಟ್ಟುಕೊಳ್ಳಬೇಕಿತ್ತು. 1872ರಲ್ಲಿ ಒಂದು ಪುಟ್ಟ ಆಜ್ಞೆ ಹೊರಟಿತು: ಇನ್ನು ಮುಂದೆ ಮಾಂಸ ತಿನ್ನುವುದು, ಮದುವೆಯಾಗುವುದು, ಕೂದಲು ಬಿಡುವುದು ಭಿಕ್ಷುಗಳ ಇಷ್ಟ. ಪೂಜೆ ಇಲ್ಲದಾಗ ಸಾಮಾನ್ಯ ಬಟ್ಟೆಯನ್ನೂ ಹಾಕಬಹುದು. ಮುಂದಿನ ವರ್ಷ ಭಿಕ್ಷುಣಿಯರಿಗೂ ಇಂಥದ್ದೇ ಅಪ್ಪಣೆ.

ಇದನ್ನು ಉದಾರತೆ ಅಂತ ಓದುವವರಿದ್ದಾರೆ. ಕೊಟ್ಟದ್ದು ಸ್ವಾತಂತ್ರ್ಯವೇ, ಆದರೆ ಕೇಳಿದವರು ಕಡಿಮೆ. ಫುಕುದಾ ಗ್ಯೋಕಾಯ್‌ನಂಥ ಹಿರಿಯ ಭಿಕ್ಷುಗಳು ಈ ಆಜ್ಞೆಯ ವಿರುದ್ಧ ಮನವಿ ಮೇಲೆ ಮನವಿ ಬರೆದರು. 1878ರಲ್ಲಿ ಸರ್ಕಾರ ಕೈತೊಳೆದುಕೊಂಡಿತು: ನಾವು ತೆಗೆದದ್ದು ಶಿಕ್ಷೆಯನ್ನು ಮಾತ್ರ, ಪಂಥದ ನಿಯಮ ನಿಮಗೆ ಬಿಟ್ಟದ್ದು. ಪಂಥಗಳು ಬ್ರಹ್ಮಚರ್ಯವೇ ನಿಯಮ ಎಂದವು. ಭಿಕ್ಷುಗಳು ಮದುವೆಯಾಗುತ್ತಾ ಹೋದರು. ಇಬ್ಬರಿಗೂ ಅನುಕೂಲ, ಅಲ್ವಾ?

ಜಪಾನಿನ ಕೈಕೆಳಗಿದ್ದ ಕೊರಿಯಾಕ್ಕೂ ಇದು ಹಬ್ಬಿತು. 1954ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರು ಸಂಸಾರಸ್ಥ ಭಿಕ್ಷುಗಳು ಮಠ ಬಿಡಲಿ ಎಂದರು. ವರ್ಷಗಟ್ಟಲೆ ಜಗಳ ನಡೆಯಿತು. ಈಗ ಬ್ರಹ್ಮಚಾರಿಗಳ ಜೋಗ್ಯೆ ಪಂಥ, ಮದುವೆಗೆ ಒಪ್ಪುವ ತೇಗೊ ಪಂಥ ಎಂದು ಎರಡು ದಾರಿ.

ಜಪಾನಿನಲ್ಲಿ ಅಂಥ ಜಗಳ ಆಗಲಿಲ್ಲ. ಆದರೆ ನಿಯಮದ ಪ್ರಕಾರ ಇಲ್ಲದ ಹೆಂಡತಿಗೆ ನಿಯಮದಲ್ಲಿ ಜಾಗ ಎಲ್ಲಿಂದ ಬರಬೇಕು? ಮಠದ ಮನೆ ಮಠದ್ದು. ಗಂಡ ತೀರಿಕೊಂಡು, ಮಗನೋ ಅಳಿಯನೋ ಭಿಕ್ಷುವಾಗಿ ವಹಿಸಿಕೊಳ್ಳದಿದ್ದರೆ, ಹೊಸ ಭಿಕ್ಷುವಿಗೆ ಮನೆ ಬಿಟ್ಟು ಅವಳು ಹೊರಡಬೇಕಾಗುತ್ತದೆ. ಅಂಗಳ ಗುಡಿಸಿ, ಶ್ರಾದ್ಧಕ್ಕೆ ಬಂದವರಿಗೆಲ್ಲ ಚಹಾ ಕೊಟ್ಟು ಮೂವತ್ತು ವರ್ಷ ಕಳೆದಿದ್ದರೂ ಸರಿ.