ಪದ ಪರಿಚಯ: ಅಲರ್ಜಿ — ‘ನೀರು ಒಗ್ಗಲಿಲ್ಲ’ ಎಂದಾಗ ಒಗ್ಗದ್ದು ಯಾವುದು?

ಧಾರವಾಡದ ಕಡೆ ಮೈಮೇಲೆ ಏನಾದರೂ ಎದ್ದರೆ ಮೊದಲು ಬೈಸಿಕೊಳ್ಳುವುದು ನೀರು. ಮಲಪ್ರಭೆಯ ನಳದ ನೀರು ಬಿಟ್ಟು ಬೋರಿನ ನೀರಿಗೆ ಹೋದರೂ, ಗದಗಿನಿಂದ ಹುಬ್ಬಳ್ಳಿಗೆ ಮನೆ ಬದಲಿಸಿದರೂ, ‘ನೀರು ಒಗ್ಗಲಿಲ್ಲ ನೋಡ್ರಿ’ ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ಆದ್ದರಿಂದ ಹುಬ್ಬಳ್ಳಿಯ ನನ್ನ ತಂಗಿಯ ಮನೆಗೆ ಮೀನಿನ ಗಾಜಿನ ತೊಟ್ಟಿ ಬಂದ ಕೆಲವು ತಿಂಗಳಿಗೆ ಅವಳ ಮಗನ ಬೆರಳುಗಳಲ್ಲಿ ಕಡಿತ ಶುರುವಾದಾಗ ಎಲ್ಲರೂ ತೊಟ್ಟಿಯ ನೀರನ್ನೇ ದೂರಿದ್ದು ಸಹಜವಾಗಿತ್ತು. ವೈದ್ಯರು ಮಾತ್ರ ನೀರಿನ ಹೆಸರೆತ್ತದೆ ‘ಅಲರ್ಜಿ’ ಎಂದರು. ಮನೆಯವರು ಅದನ್ನು ‘ಒಗ್ಗದಿರುವುದು’ ಎಂದು ಅರ್ಥ ಮಾಡಿಕೊಂಡರು. ಈ ಎರಡು ಮಾತುಗಳ ನಡುವಿನ ಅಂತರ ತಿಳಿಯದಿದ್ದರೆ ತೊಟ್ಟಿಯ ನೀರನ್ನು ಎಷ್ಟು ಸಲ ಬದಲಿಸಿದರೂ ಕಡಿತ ನಿಲ್ಲುವುದಿಲ್ಲ.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಗ್ರೀಕಿನಲ್ಲಿ ‘ಅಲ್ಲೋಸ್’ ಎಂದರೆ ಬೇರೆ, ‘ಎರ್ಗಾನ್’ ಎಂದರೆ ಕೆಲಸ. ಕುದುರೆಯ ರಕ್ತದಿಂದ ತಯಾರಿಸಿದ ಸೀರಂ (ಮದ್ದಾಗಿ ಕೊಡುತ್ತಿದ್ದ ರಕ್ತದ ತಿಳಿ ದ್ರವ) ಚುಚ್ಚಿಸಿಕೊಂಡವರಿಗೆ ಎರಡನೆಯ ಸಲ ಅದನ್ನೇ ಚುಚ್ಚಿದಾಗ ದೇಹವು ಮೊದಲಿನಂತಿರದೆ ಬಹು ಬೇಗ, ಬಹು ಜೋರಾಗಿ ಪ್ರತಿಕ್ರಿಯಿಸುವುದನ್ನು ಕಂಡು, ಹೀಗೆ ಬದಲಾದ ವರ್ತನೆಗೆ ಅವರು ಆ ಹೆಸರಿಟ್ಟರು. ಪದದ ತಿರುಳು ಈ ‘ಎರಡನೆಯ ಸಲ’ದಲ್ಲಿದೆ. ನಮ್ಮ ‘ಒಗ್ಗು’ ಎಂಬ ಕ್ರಿಯಾಪದದ ದಿಕ್ಕು ಇದಕ್ಕೆ ತೀರ ವಿರುದ್ಧವಾದುದು: ಹೊಸ ಊರು, ಹೊಸ ಊಟ, ಹೊಸ ನೀರು ದಿನ ಕಳೆದಂತೆ ಒಗ್ಗುತ್ತವೆ, ಅಲರ್ಜಿಯಾದರೋ ದಿನ ಕಳೆದಂತೆ, ಒಡನಾಟ ಹೆಚ್ಚಿದಂತೆ ಹುಟ್ಟುತ್ತದೆ. ಮೊದಲ ತಿಂಗಳು ಸುಮ್ಮನಿದ್ದ ಕೈ ಮೂರನೆಯ ತಿಂಗಳು ಕಡಿಯತೊಡಗಿದರೆ, ‘ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ’ ಎಂಬುದು ಅಲರ್ಜಿಯನ್ನು ತಳ್ಳಿಹಾಕುವ ಕಾರಣವಾಗದೆ ಅದರತ್ತ ಬೊಟ್ಟು ಮಾಡುವ ಸಾಕ್ಷಿಯಾಗುತ್ತದೆ. ಹಳ್ಳಿಗಳಲ್ಲಿ ಬಳಸುವ ‘ನಂಜು’ ಎಂಬ ಪದವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ನಂಜು ಎಲ್ಲರಿಗೂ ನಂಜೇ, ಅಲರ್ಜಿ ತರುವ ವಸ್ತು ಪಕ್ಕದಲ್ಲಿ ನಿಂತವನಿಗೆ ನಿರುಪದ್ರವಿ.

ಹಾಗಾದರೆ ತೊಟ್ಟಿಯಲ್ಲಿ ಅಂಥ ವಸ್ತು ಯಾವುದು? ನೀರಿಗಿಂತ ಮೊದಲು ನೋಡಬೇಕಾದದ್ದು ತೊಟ್ಟಿಯ ಪಕ್ಕದಲ್ಲಿರುವ ಆಹಾರದ ಡಬ್ಬಿಯನ್ನು. ನನ್ನ ತಂಗಿಯ ಮನೆಯ ಡಬ್ಬಿಯಲ್ಲಿದ್ದದ್ದು ‘ಬ್ಲಡ್‌ವರ್ಮ್’ ಎಂದು ಮಾರುವ ಒಣಗಿಸಿದ ಕೆಂಪು ಹುಳ. ಶ್ಯಾವಿಗೆಯ ಚೂರುಗಳಂತೆ ಹಗುರವಾಗಿದ್ದು, ಮುಚ್ಚಳ ತೆರೆದೊಡನೆ ಕಂದು ಬಣ್ಣದ ಧೂಳು ಮೂಗಿಗೆ ಬರುತ್ತಿತ್ತು, ಹುಡುಗ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಪುಡಿ ಮಾಡಿ ನೀರಿಗೆ ಉದುರಿಸುತ್ತಿದ್ದ. ಈ ಹುಳಗಳು ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ ಒಂದು ಬಗೆಯ ಕೀಟದ ಮರಿಗಳು. ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲಿ ಬದುಕಬೇಕಾದ್ದರಿಂದ ಅವುಗಳ ಮೈಯೊಳಗೆ ಹಿಮೋಗ್ಲೋಬಿನ್ ಇರುತ್ತದೆ. ಕೆಂಪು ಬಣ್ಣಕ್ಕೆ ಕಾರಣವಾದ ಆ ಪ್ರೋಟೀನೇ ಪ್ರಬಲ ಅಲರ್ಜಿಕಾರಕವೂ ಹೌದು, ಒಣಗಿಸಿದ ಮಾತ್ರಕ್ಕೆ ಅದರ ಗುಣ ಹೋಗುವುದಿಲ್ಲ. ದೇಹವು ಈ ಪ್ರೋಟೀನಿನ ವಿರುದ್ಧ ‘ಐಜಿಇ’ ಎಂಬ ಪ್ರತಿಕಾಯವನ್ನು, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ರಕ್ಷಕ ಪ್ರೋಟೀನನ್ನು, ಒಮ್ಮೆ ತಯಾರಿಸಿಕೊಂಡಿತೆಂದರೆ, ಮುಂದಿನ ಸ್ಪರ್ಶದಲ್ಲಿ ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಕಡಿತ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸಿ ಕೆಲವೇ ನಿಮಿಷಗಳಲ್ಲಿ ನಮ್ಮವರು ‘ಗಂಧೆ’ ಎನ್ನುವ ಉಬ್ಬಿದ ದದ್ದುಗಳನ್ನು ಎಬ್ಬಿಸುತ್ತವೆ. ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡರೆ ರೆಪ್ಪೆ ಊದಿಕೊಳ್ಳುತ್ತದೆ. ಧೂಳು ಒಳಗೆ ಹೋದರೆ ಸೀನು, ಕೆಲವರಿಗೆ ಉಬ್ಬಸ. ಸೀಗಡಿಗೆ ಅಥವಾ ಮನೆಯ ಧೂಳಿನ ನುಸಿಗೆ ಅಲರ್ಜಿ ಇರುವವರ ದೇಹ ಈ ಹುಳವನ್ನೂ ಅವುಗಳ ಬಳಗವೆಂದೇ ಬಗೆಯಬಹುದು, ಏಕೆಂದರೆ ಇವೆಲ್ಲವುಗಳ ಸ್ನಾಯುವಿನಲ್ಲಿರುವ ಒಂದು ಪ್ರೋಟೀನ್ ಬಹುಪಾಲು ಒಂದೇ ತೆರನಾಗಿದೆ.

ಇದು ತಕ್ಷಣದ ಅಲರ್ಜಿ. ಇನ್ನೊಂದು ನಿಧಾನದ್ದು, ಅದನ್ನು ನಮ್ಮ ಸೀಮೆಯ ರೈತರಿಗೆ ವಿವರಿಸಲು ತೊಟ್ಟಿಯೇ ಬೇಕಿಲ್ಲ. ಹೊಲದ ಬದುವಿನ ಕಾಂಗ್ರೆಸ್ ಕಸವನ್ನು ವರ್ಷಗಟ್ಟಲೆ ಕಿತ್ತವರಲ್ಲಿ ಕೆಲವರಿಗೆ ಯಾವುದೋ ಒಂದು ವರ್ಷ ಮುಖ, ಕುತ್ತಿಗೆ, ಮೊಣಕೈ ಕೆಂಪಾಗಿ, ಕಡಿದು, ದಪ್ಪಗಾಗುತ್ತದೆಯಲ್ಲ, ಅದೇ ಜಾತಿಯದು. ಇಲ್ಲಿ ಕೆಲಸ ಮಾಡುವುದು ಪ್ರತಿಕಾಯಗಳಲ್ಲ, ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು; ಮುಟ್ಟಿದ ಒಂದರಿಂದ ಮೂರು ದಿನಗಳ ಮೇಲೆ ಚರ್ಮ ಕೆರಳುವುದರಿಂದ ಅಪರಾಧಿಯನ್ನು ನೆನಪಿಸಿಕೊಳ್ಳುವುದೇ ಕಷ್ಟ. ಮೀನು ಸಾಕುವವರಲ್ಲಿ ಇದಕ್ಕೆ ಕಾರಣವಾಗಬಲ್ಲವು ಮೀನಿನ ರೋಗಕ್ಕೆ ಹಾಕುವ ಫಾರ್ಮಾಲಿನ್ ಮತ್ತು, ವಿಪರ್ಯಾಸವೆಂದರೆ, ಕೈ ಉಳಿಸಿಕೊಳ್ಳಲೆಂದು ತೊಟ್ಟ ರಬ್ಬರಿನ ಕೈಗವಸು. ರಬ್ಬರನ್ನು ಹದಗೊಳಿಸಲು ಬೆರೆಸುವ ರಾಸಾಯನಿಕಗಳು ನಿಧಾನದ ಅಲರ್ಜಿಯನ್ನೂ, ಸಹಜ ರಬ್ಬರಿನ ಪ್ರೋಟೀನ್ ತಕ್ಷಣದ ಅಲರ್ಜಿಯನ್ನೂ ತರಬಲ್ಲವು. ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸಿನಲ್ಲಿ ಆ ಪ್ರೋಟೀನ್ ಇಲ್ಲ, ರಾಸಾಯನಿಕಗಳು ಮಾತ್ರ ಅದರಲ್ಲಿಯೂ ಇರಬಹುದು.

‘ಅಲರ್ಜಿ’ ಎಂದು ಕರೆಸಿಕೊಳ್ಳುವ ಕೈಗಳಲ್ಲಿ ಅನೇಕವು ವಾಸ್ತವವಾಗಿ ಅಲರ್ಜಿಯ ಕೈಗಳಲ್ಲ. ವಾರಕ್ಕೊಮ್ಮೆ ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿ, ಒರಟು ಸ್ಪಂಜಿನಿಂದ ಗಾಜಿನ ಪಾಚಿ ತಿಕ್ಕಿ, ಆ ಮೇಲೆ ಸೋಪು ಹಾಕಿ ತೊಳೆದರೆ ಚರ್ಮದ ಸ್ವಂತ ಜಿಡ್ಡು ಹೋಗಿ ಅದು ಬಿರಿಯುತ್ತದೆ. ಧಾರವಾಡದ ಚಳಿಗಾಲದ ಒಣಗಾಳಿಯಲ್ಲಂತೂ ಹೇಳಬೇಕಾದ್ದಿಲ್ಲ. ಇದು ಕೆರಳಿಕೆ, ಪ್ರಮಾಣ ಹೆಚ್ಚಾದರೆ ಯಾರಿಗೂ ಆಗಬಹುದು, ಪಾತ್ರೆ ತಿಕ್ಕುವವರ ಕೈಗೆ ಆಗುವುದೂ ಇದೇ. ಮದ್ದಿನ ಮಾತ್ರೆಗಿಂತ ಇಲ್ಲಿ ಕೊಬ್ಬರಿ ಎಣ್ಣೆಯ ಅಥವಾ ವ್ಯಾಸಲೀನಿನ ಉಪಯೋಗ ಹೆಚ್ಚು.

ಒಂದು ಸಂಗತಿಯನ್ನು ಮಾತ್ರ ‘ಅಲರ್ಜಿ ಇರಬೇಕು’ ಎಂದು ತಳ್ಳಿಬಿಡಬಾರದು. ಕೈಯ ಗೀರು ಗಾಯದ ಮೂಲಕ ತೊಟ್ಟಿಯ ನೀರಿನಿಂದ ಸೇರುವ ಮೈಕೋಬ್ಯಾಕ್ಟೀರಿಯಂ ಮರಿನಂ ಎಂಬ ಸೂಕ್ಷ್ಮಜೀವಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಮೇಲೆ ಬೆರಳಿನಲ್ಲೋ ಮುಂಗೈಯಲ್ಲೋ ಒಂದು ಗಂಟನ್ನು ಎಬ್ಬಿಸುತ್ತದೆ. ಒಮ್ಮೊಮ್ಮೆ ಗಂಟುಗಳು ತೋಳಿನ ಮೇಲಕ್ಕೆ ಸಾಲಾಗಿ ಏರುತ್ತವೆ. ಕ್ಷಯದ ರೋಗಾಣುವಿನ ಬಂಧುವಾದ ಇದನ್ನು 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಂ ಒಂದರ ಸತ್ತ ಮೀನುಗಳಲ್ಲಿ ಗುರುತಿಸಲಾಯಿತು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ, ದೇಹದ 37 ಡಿಗ್ರಿಯಲ್ಲಿ ಸರಿಯಾಗಿ ಬೆಳೆಯದು. ಆದ್ದರಿಂದಲೇ ತಣ್ಣಗಿರುವ ಕೈಕಾಲುಗಳಲ್ಲಿ ನೆಲೆಸುತ್ತದೆ. ಅಲರ್ಜಿ ಕಡಿಯುತ್ತದೆ, ಬಂದು ಹೋಗುತ್ತದೆ. ಈ ಗಂಟು ಸಾಮಾನ್ಯವಾಗಿ ಕಡಿಯದೆ ಉಳಿದು ಬೆಳೆಯುತ್ತದೆ, ತಿಂಗಳುಗಟ್ಟಲೆ ಆಂಟಿಬಯೋಟಿಕ್ ಬೇಡುತ್ತದೆ. ಅಲರ್ಜಿಯೆಂದು ತಿಳಿದು ಸ್ಟಿರಾಯ್ಡ್ ಮುಲಾಮು ಹಚ್ಚುತ್ತಾ ಕುಳಿತರೆ ರೋಗ ಹಬ್ಬಲು ದಾರಿಯಾಗುತ್ತದೆ.

ಹುಡುಗನ ವಿಷಯದಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ಗಡಿಯಾರ. ನೀರು ಬದಲಿಸಿದ ದಿನ ಏನೂ ಇಲ್ಲ. ಆಹಾರ ಹಾಕಿದ ಹತ್ತು ನಿಮಿಷಕ್ಕೆ ಆ ಎರಡೇ ಬೆರಳುಗಳಲ್ಲಿ ಕಡಿತ. ಇದನ್ನು ಖಚಿತಪಡಿಸಲು ಚರ್ಮರೋಗ ತಜ್ಞರಲ್ಲಿ ಎರಡು ಬೇರೆ ಪರೀಕ್ಷೆಗಳಿವೆ: ತಕ್ಷಣದ ಅಲರ್ಜಿಗೆ ಮುಂಗೈ ಮೇಲೆ ಶಂಕಿತ ವಸ್ತುವಿನ ಹನಿಯಿಟ್ಟು ಸೂಜಿಯಿಂದ ಚುಚ್ಚಿ ಹದಿನೈದು ಇಪ್ಪತ್ತು ನಿಮಿಷ ಕಾಯುವ ಪ್ರಿಕ್ ಪರೀಕ್ಷೆ, ನಿಧಾನದ್ದಕ್ಕೆ ಆ ವಸ್ತುವನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುವ ಪ್ಯಾಚ್ ಪರೀಕ್ಷೆ. ಹೋಗುವಾಗ ಆಹಾರದ ಡಬ್ಬಿಯನ್ನೂ ಕೈಗವಸನ್ನೂ ಗಟ್ಟಿಯಾಗಿ ಕಟ್ಟಿದ ಚೀಲದಲ್ಲಿ ಒಯ್ಯುವುದು ಒಳ್ಳೆಯದು. ಕಡಿತಕ್ಕೆಂದು ಸೆಟ್ರಿಜಿನ್ ನುಂಗುತ್ತಿದ್ದರೆ ಅದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಆ ಮಾತ್ರೆಯನ್ನು ಕೆಲವು ದಿನ ಮುಂಚೆ ನಿಲ್ಲಿಸದಿದ್ದರೆ ಪ್ರಿಕ್ ಪರೀಕ್ಷೆಯಲ್ಲಿ ಏಳಬೇಕಾದ ಗುಳ್ಳೆ ಏಳುವುದಿಲ್ಲ.